ಸ್ಕ್ರೀನ್ ಮೇಲೆ ಗೆರೆ, ಚುಕ್ಕಿ, ಮಿಣುಕು: ಡೆಸ್ಕ್‌ಟಾಪ್‌ನಲ್ಲಿ ಕೆಟ್ಟಿರುವುದು ಯಾವುದು ಎಂದು ಪತ್ತೆ ಮಾಡುವ ಬಗೆ

ಡೆಸ್ಕ್‌ಟಾಪ್‌ನ ಸ್ಕ್ರೀನ್ ಮೇಲೆ ಗೆರೆ ಬಂದರೆ, ಚುಕ್ಕಿ ಚುಕ್ಕಿಯಾದರೆ, ಇದ್ದಕ್ಕಿದ್ದಂತೆ ಕಪ್ಪಾಗಿ ಮತ್ತೆ ಬಂದರೆ, ಕಾರಣ ಮಾನಿಟರ್ ಇರಬಹುದು, ಕೇಬಲ್ ಇರಬಹುದು, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಅಥವಾ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇರಬಹುದು. ಕಂಪ್ಯೂಟರ್ ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮತ್ತು ಗೋಡೆಯ ಸಾಕೆಟ್ ಕೂಡ ಇರಬಹುದು. ಲಕ್ಷಣ ಎಷ್ಟೋ ಸಲ ಒಂದೇ ಥರ ಕಾಣುತ್ತದೆ, ಖರ್ಚು ಮಾತ್ರ 300 ರೂಪಾಯಿಯಿಂದ 30,000ದವರೆಗೆ ಹೋಗುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು, ಯಾರನ್ನಾದರೂ ಕರೆಸುವ ಮೊದಲು, ತೊಂದರೆ ಹುಟ್ಟುತ್ತಿರುವ ಜಾಗ ಯಾವುದು ಎಂದು ಗೊತ್ತು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಮೊದಲ ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು, ಒಂದು ಪೈಸೆಯೂ ಖರ್ಚಿಲ್ಲ.

ಚಿತ್ರ ಸಾಗುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದು ಮೊದಲು ಮೆಮೊರಿಯಲ್ಲಿ ತಯಾರಾಗುತ್ತದೆ. ಅಲ್ಲಿಂದ ಕಾರ್ಡಿನ ಪೋರ್ಟಿಗೆ ಬಂದು, ಕೇಬಲ್ ಹಿಡಿದು, ಮಾನಿಟರ್ ಒಳಗಿನ ಬೋರ್ಡಿಗೆ ಹೋಗಿ, ಕೊನೆಗೆ ಪ್ಯಾನಲ್, ಅಂದರೆ ಕಣ್ಣಿಗೆ ಕಾಣುವ ಪರದೆಯ ಮೇಲೆ ಮೂಡುತ್ತದೆ. ಕೆಳಗಿನ ಪ್ರತಿ ಪರೀಕ್ಷೆಯೂ ಈ ದಾರಿಯನ್ನು ಒಂದು ಕಡೆ ತುಂಡು ಮಾಡಿ ನೋಡುವುದಷ್ಟೇ.

ಮೊದಲ ಹತ್ತು ನಿಮಿಷ

ಮಾನಿಟರ್‌ನ ಬಟನ್ ಒತ್ತಿ ಅದರದೇ ಮೆನು ತೆರೆಯಿರಿ, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಂದೆಲ್ಲ ಬರುವ ಮೆನು. ಅದನ್ನು ಬಿಡಿಸುವುದು ಮಾನಿಟರ್ ಒಳಗಿನ ಬೋರ್ಡ್, ಕಂಪ್ಯೂಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಗೆರೆ ಈ ಮೆನುವಿನ ಮೇಲೂ ಹಾದುಹೋಗಿದ್ದರೆ, ಮೆನುವೂ ಮಿಣುಕುತ್ತಿದ್ದರೆ ತೊಂದರೆ ಮಾನಿಟರ್‌ನದೇ. ಹಿಂದಿನ ಚಿತ್ರ ಕುಣಿಯುತ್ತಿದ್ದರೂ ಮೆನು ಮಾತ್ರ ಶುಭ್ರವಾಗಿ ನಿಂತಿದ್ದರೆ ಪ್ಯಾನಲ್ ಚೆನ್ನಾಗಿದೆ ಎಂದೇ ಅರ್ಥ. ಕೇಬಲ್ ಕಡೆಗೋ ಕಂಪ್ಯೂಟರ್ ಡಬ್ಬದ ಕಡೆಗೋ ತಿರುಗಿ.

ಇದನ್ನು ಖಚಿತಪಡಿಸಿಕೊಳ್ಳಲು ಮಾನಿಟರ್ ಆನ್ ಇರುವಾಗಲೇ ವಿಡಿಯೋ ಕೇಬಲ್ ಕಿತ್ತುಬಿಡಿ. ‘ನೋ ಸಿಗ್ನಲ್’ ಎಂಬ ಪಟ್ಟಿ ಕೆಲವು ಸೆಕೆಂಡ್ ಕಾಣಿಸುತ್ತದೆ. ಆಗಲೂ ಗೆರೆ ಉಳಿದಿದ್ದರೆ ಕಂಪ್ಯೂಟರ್‌ನ ತಪ್ಪಿಲ್ಲ.

ಮೂರನೆಯದು ಸ್ಕ್ರೀನ್‌ಶಾಟ್. ತೊಂದರೆ ಕಾಣುತ್ತಿರುವಾಗಲೇ ವಿಂಡೋಸ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಗಳನ್ನು ಒಟ್ಟಿಗೆ ಒತ್ತಿ. ‘ಪಿಕ್ಚರ್ಸ್’ ಫೋಲ್ಡರ್‌ನೊಳಗಿನ ‘ಸ್ಕ್ರೀನ್‌ಶಾಟ್ಸ್’ನಲ್ಲಿ ಚಿತ್ರ ಸೇವ್ ಆಗುತ್ತದೆ. ಅದನ್ನು ಫೋನಿಗೆ ಕಳಿಸಿ ಅಲ್ಲಿ ತೆರೆದು ನೋಡಿ. ಅದೇ ಸ್ಕ್ರೀನಿನಲ್ಲಿ ನೋಡಿದರೆ ಏನೂ ಗೊತ್ತಾಗದು. ಫೋನಿನಲ್ಲೂ ಚುಕ್ಕಿ, ಚೌಕ ಕಂಡರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ. ಅಂದರೆ ಡ್ರೈವರ್, ಜಿಪಿಯು (ಚಿತ್ರ ಬಿಡಿಸುವ ಚಿಪ್) ಅಥವಾ ಮೆಮೊರಿ. ಫೋನಿನಲ್ಲಿ ಚಿತ್ರ ಶುಭ್ರವಾಗಿದ್ದರೆ ಹೆಚ್ಚಿನ ಸಲ ಕೇಬಲ್ ಅಥವಾ ಮಾನಿಟರ್. ಅಪರೂಪಕ್ಕೆ ಕಾರ್ಡಿನ ಪೋರ್ಟ್ ಹಾಳಾಗಿರುತ್ತದೆ, ಅದು ಬೇರೆ ಪೋರ್ಟಿಗೆ ಹಾಕಿದಾಗ ಗೊತ್ತಾಗುತ್ತದೆ.

ನಾಲ್ಕನೆಯದು ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ. ರೀಸ್ಟಾರ್ಟ್ ಮಾಡಿ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಹೋಗಿ. ಬಯಾಸ್ ತೆರೆದುಕೊಂಡ ಮೇಲೆ 5 ನಿಮಿಷ ಹಾಗೇ ಬಿಡಿ. ಇಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರ್ ಇಲ್ಲ. ಇಲ್ಲೂ ಗೆರೆ ಬಂದರೆ ವಿಂಡೋಸ್ ಮರು ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ಸ್ಕ್ರೀನ್ ತೊಂದರೆಗೆಲ್ಲ ‘ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ’ ಎನ್ನುವವರ ಮಾತು ಕೇಳಿ ಫೋಟೋ, ದಾಖಲೆ ಕಳೆದುಕೊಳ್ಳುವ ಮೊದಲು ಈ 5 ನಿಮಿಷ ಕೊಡಲೇಬೇಕು. ಬಯಾಸ್‌ನಲ್ಲಿ ಎಲ್ಲವೂ ಸರಿ ಇದೆ ಎಂದ ಮಾತ್ರಕ್ಕೆ ಕಾರ್ಡ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಅಲ್ಲಿ ಕಾರ್ಡಿಗೆ ಕೆಲಸವೇ ಇರುವುದಿಲ್ಲ, ಬಿಸಿಯೂ ಏರುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್ಲನ್ನೂ ಪೋರ್ಟನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋಗಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ, ವಾರ ಕಳೆದು ಮತ್ತೆ ಬಂದಾಗ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಆಕಾರ ನೋಡಿ ಅಂದಾಜು

ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಇಳಿದ ಒಂದೇ ಬಣ್ಣದ ತೆಳು ಗೆರೆ, ಸದಾ ಅದೇ ಜಾಗದಲ್ಲಿ ಇದ್ದರೆ ಪ್ಯಾನಲ್ ಅಂಚಿನ ಸಂಪರ್ಕ ಬಿಟ್ಟಿದೆ. ಗೆರೆಯ ನೇರಕ್ಕೆ ಫ್ರೇಮನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗೆರೆ ಮಾಯವಾಗಿ, ಬಿಟ್ಟಾಗ ಮರಳಿದರೆ ಅನುಮಾನವೇ ಬೇಡ. ವಾರಂಟಿ ಇದ್ದರೆ ಅಲ್ಲಿಗೆ ಕೊಡಿ. ವಾರಂಟಿ ಮುಗಿದಿದ್ದರೆ ಪ್ಯಾನಲ್ ಬದಲಿಸುವ ಖರ್ಚು ಹೊಸ ಮಾನಿಟರ್‌ನ ಹತ್ತಿರ ಹತ್ತಿರಕ್ಕೆ ಬರುತ್ತದೆ, ಮಾಡಿಸುವುದರಲ್ಲಿ ಅರ್ಥವಿಲ್ಲ.

ಸ್ಕ್ರೀನ್ ತುಂಬ ಒಂದೇ ಅಂತರದಲ್ಲಿ ಚುಕ್ಕಿಗಳು, ಚದುರಂಗದ ಮಣೆಯಂತೆ ಬಣ್ಣದ ಚೌಕಗಳು, ಗೇಮ್‌ನಲ್ಲಿ ಗೋಡೆಯಿಂದ ಉದ್ದಕ್ಕೆ ಚಾಚಿಕೊಳ್ಳುವ ತ್ರಿಕೋನಗಳು: ಇವು ಕಾರ್ಡಿನ ಮೆಮೊರಿ ಅಥವಾ ಜಿಪಿಯು ಚಿಪ್ ಸೋಲುತ್ತಿರುವ ಗುರುತು. ಅಂತರದಲ್ಲಿ ಕ್ರಮವಿದ್ದಷ್ಟೂ ಮೆಮೊರಿಯ ಮೇಲೆ ಅನುಮಾನ ಹೆಚ್ಚು. ಒಂದು ಮೆಮೊರಿ ಚಿಪ್ ಕೆಟ್ಟರೆ ಅದರ ಪಾಲಿಗೆ ಬಂದ ವಿಳಾಸಗಳೆಲ್ಲ ಲೆಕ್ಕ ಹಾಕಿದಂತೆ ಸಮ ಅಂತರದಲ್ಲಿ ತಪ್ಪಾಗುತ್ತವೆ, ಅದಕ್ಕೇ ಆ ಜಾಲರಿ.

ಕ್ರಮವಿಲ್ಲದೆ ಮಿಂಚಿ ಮಾಯವಾಗುವ ಬಿಳಿ ಚುಕ್ಕಿಗಳು, ಕಪ್ಪು ಹಿನ್ನೆಲೆಯಲ್ಲಿ ಹೆಚ್ಚಾಗಿ ಕಾಣುವಂಥವು, ಎಚ್‌ಡಿಎಂಐ ಕೇಬಲ್ ಬೇಕಾದ ವೇಗ ತಾಳುತ್ತಿಲ್ಲ ಎಂಬುದರ ಲಕ್ಷಣ. ಎರಡು ಸೆಕೆಂಡ್ ಪೂರ್ತಿ ಕಪ್ಪಾಗಿ ಮರಳಿ ಬರುವುದೂ ಅದೇ ರೋಗದ ಮುಂದಿನ ಹಂತ.

ಇಡೀ ಸ್ಕ್ರೀನಿಗೆ ಒಂದು ಬಣ್ಣ ಬಳಿದಂತಾಗಿದ್ದು, ನೀವು ಹಳೆಯ ನೀಲಿ ತಲೆಯ ವಿಜಿಎ ಕೇಬಲ್ ಬಳಸುತ್ತಿದ್ದರೆ ಪಿನ್ ನೋಡಿ. ವಿಜಿಎಯ 15 ಪಿನ್‌ಗಳಲ್ಲಿ 1 ಕೆಂಪು, 2 ಹಸಿರು, 3 ನೀಲಿ. ಕೆಂಪು ತಪ್ಪಿದರೆ ಸ್ಕ್ರೀನ್ ಹಸಿರುಮಿಶ್ರಿತ ನೀಲಿ, ಹಸಿರು ತಪ್ಪಿದರೆ ನೇರಳೆಗುಲಾಬಿ, ನೀಲಿ ತಪ್ಪಿದರೆ ಹಳದಿ. ಬಾಗಿದ ಪಿನ್ನನ್ನು ಖಾಲಿ ರೀಫಿಲ್‌ನ ತುದಿ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಕೇಬಲ್‌ನ ಎರಡೂ ಬದಿಯ ಸ್ಕ್ರೂ ಬಿಗಿ ಮಾಡದೆ ಬಿಡುವುದರಿಂದಲೂ ಈ ಪಿನ್‌ಗಳು ಬಾಗಬಹುದು. ಅಂದಹಾಗೆ, ಈ ಕೇಬಲ್‌ಗಳಲ್ಲಿ ಒಂದೆರಡು ಪಿನ್ ಮೊದಲಿಂದಲೇ ಇಲ್ಲದಿರುವುದು ಮಾಮೂಲಿ. ಕಾಣೆಯಾಗಿರುವುದು ಮೊದಲ ಮೂರರಲ್ಲಿ ಒಂದಾಗಿದ್ದರೆ ಚಿಂತಿಸಿ.

ಸ್ಕ್ರೀನ್ ಪೂರ್ತಿ ಕಪ್ಪು, ಆದರೆ ಪವರ್ ದೀಪ ಉರಿಯುತ್ತಿದೆ, ಸ್ಪೀಕರ್‌ನಲ್ಲಿ ಸದ್ದು ಬರುತ್ತಿದೆ. ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಸ್ಕ್ರೀನಿಗೆ ಹತ್ತಿರ ತನ್ನಿ. ಮಬ್ಬುಮಬ್ಬಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್ ಹೋಗಿದೆ. ಆನ್ ಮಾಡಿದ ಕೂಡಲೇ ಮಿಣುಕಿ ಹತ್ತು ನಿಮಿಷ ಬಿಸಿಯಾದ ಮೇಲೆ ಸರಿಹೋಗುವ ಹಳೆಯ ಮಾನಿಟರ್‌ನಲ್ಲಿ ಪವರ್ ಬೋರ್ಡಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ತಲೆ ಉಬ್ಬಿದ ಕೆಪಾಸಿಟರ್ ಬದಲಿಸುವುದು ಅಗ್ಗದ ಕೆಲಸ. ಆದರೆ ಕೈಯಿಟ್ಟು ಕಲಿಯುವ ಜಾಗ ಅದಲ್ಲ: ಆ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 325 ವೋಲ್ಟ್‌ವರೆಗೆ ಕೂತಿರಬಹುದು. ಬಲ್ಲ ಮೆಕ್ಯಾನಿಕ್‌ಗೆ ಬಿಡಿ.

ಯೂಟ್ಯೂಬ್ ನೋಡುವಾಗ ಮಾತ್ರ ಹಸಿರು ಪಟ್ಟಿ, ಉಳಿದಂತೆ ಏನೂ ಇಲ್ಲ ಎಂದರೆ ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಸಿಸ್ಟಮ್’ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ ನೋಡಿ. ಸರಿಹೋದರೆ ಡ್ರೈವರ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡಬಹುದು. ಗೇಮ್‌ನಲ್ಲಿ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುವುದು ದೋಷವೇ ಅಲ್ಲ, ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಆನ್ ಮಾಡಿದರೆ ನಿಲ್ಲುತ್ತದೆ. ಗೇಮ್ ಲೋಡ್ ಆಗುವಾಗ ಮಾತ್ರ ಬೆಳಕು ಏರಿಳಿದರೆ ಮಾನಿಟರ್‌ನ ವೇಗವನ್ನು ಗೇಮ್‌ಗೆ ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಆಫ್ ಮಾಡಿ ಪರೀಕ್ಷಿಸಿ. ವಿಎ ಎಂಬ ಬಗೆಯ ಪ್ಯಾನಲ್‌ಗಳಲ್ಲಿ ಇದು ಸಾಮಾನ್ಯ.

ಕೇಬಲ್, ಪೋರ್ಟ್, ಕನ್ವರ್ಟರ್

ಮೊದಲು ಕೇಬಲ್ ಎಲ್ಲಿಗೆ ಚುಚ್ಚಿದ್ದೀರಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಡಬ್ಬದ ಹಿಂದೆ ಎರಡು ಕಡೆ ಎಚ್‌ಡಿಎಂಐ ತೂತು ಇರುತ್ತದೆ: ಮೇಲ್ಗಡೆ, ಯುಎಸ್‌ಬಿ ಪೋರ್ಟ್‌ಗಳ ಜೊತೆ ನೆಟ್ಟಗೆ ನಿಂತಿರುವುದು ಮದರ್‌ಬೋರ್ಡಿನದು, ಕೆಳಗೆ ಅಡ್ಡಡ್ಡ ಮಲಗಿರುವುದು ಕಾರ್ಡಿನದು. ಕಾರ್ಡ್ ಇದ್ದರೆ ಕೆಳಗಿನದಕ್ಕೇ ಹಾಕಬೇಕು. ಇಂಟೆಲ್‌ನ 12400ಎಫ್ ಥರ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ, ಎಎಂಡಿಯ ರೈಝನ್ 5 5600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ. ಅಂಥ ಕಂಪ್ಯೂಟರ್‌ನಲ್ಲಿ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿದರೆ ಏನು ಮಾಡಿದರೂ ಡಿಸ್‌ಪ್ಲೇ ಬರುವುದಿಲ್ಲ.

1080ಪಿ, 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಮೂಡುವ) ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಬೇಕು, ಹೆಚ್ಚುಕಡಿಮೆ ಯಾವ ಎಚ್‌ಡಿಎಂಐ ಕೇಬಲ್ ಆದರೂ ಎಳೆಯುತ್ತದೆ. 4ಕೆ, 60 ಹರ್ಟ್ಜ್‌ಗೆ ಬೇಕಾದದ್ದು ಸುಮಾರು 18 ಗಿಗಾಬಿಟ್. ಎಚ್‌ಡಿಎಂಐ 1.4ರ ಕಾಲದ ಕೇಬಲ್‌ಗಳ ಮಿತಿ 10.2. ಹಾಗಾಗಿ ಹೊಸ 4ಕೆ ಮಾನಿಟರ್ ತಂದು ಡ್ರಾಯರ್‌ನಲ್ಲಿದ್ದ ಹಳೆಯ ಕೇಬಲ್ ಚುಚ್ಚಿದಾಗ ಚುಕ್ಕಿ ಮಿಂಚುವುದರಲ್ಲಿ ಆಶ್ಚರ್ಯವಿಲ್ಲ. ಕೇಬಲ್‌ನ ಪೊಟ್ಟಣದ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಎಂದಿದ್ದರೆ 18, ‘ಅಲ್ಟ್ರಾ ಹೈ ಸ್ಪೀಡ್’ ಎಂದಿದ್ದರೆ 48 ಗಿಗಾಬಿಟ್. ‘4ಕೆ’ ಎಂದಷ್ಟೇ ಬರೆದಿದ್ದರೆ ನಂಬಬೇಡಿ, 4ಕೆ 30 ಹರ್ಟ್ಜ್ ಓಡಿಸುವ ಕೇಬಲ್ಲಿಗೂ ಹಾಗೇ ಅಚ್ಚು ಹಾಕುತ್ತಾರೆ. ಉದ್ದ 5 ಮೀಟರ್ ದಾಟಿದರೆ ಒಳ್ಳೆಯ ಕೇಬಲ್ಲೂ 4ಕೆ 60ರಲ್ಲಿ ಎಡವಬಹುದು. 1.5 ಅಥವಾ 2 ಮೀಟರ್ ಸಾಕಾಗುವ ಕಡೆ ಹೆಚ್ಚು ಉದ್ದದ್ದು ತರಬೇಡಿ.

ಹೊಸ ಕೇಬಲ್ ಕೊಳ್ಳದೆಯೂ ಪರೀಕ್ಷೆ ಮಾಡಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಯಲ್ಲಿ ರಿಫ್ರೆಶ್ ರೇಟನ್ನು 144ರಿಂದ 60ಕ್ಕೋ 60ರಿಂದ 30ಕ್ಕೋ ಇಳಿಸಿ. ತಕ್ಷಣ ಚಿತ್ರ ಶುಭ್ರವಾದರೆ ಕೇಬಲ್ ಮೇಲಿನ ಅನುಮಾನ ಗಟ್ಟಿ.

ಮದರ್‌ಬೋರ್ಡಿನಲ್ಲಿ ಎಚ್‌ಡಿಎಂಐ ಮಾತ್ರ, ಮಾನಿಟರ್‌ನಲ್ಲಿ ವಿಜಿಎ ಮಾತ್ರ ಎಂದಾಗ ಮಧ್ಯೆ ಹಾಕುವ ಪುಟ್ಟ ಕನ್ವರ್ಟರ್ ಬಹಳ ಮನೆಗಳ ತಲೆನೋವು. ಅದರೊಳಗೆ ಚಿಪ್ ಇದೆ, ಅದು ಎಚ್‌ಡಿಎಂಐ ಪೋರ್ಟಿನ 5 ವೋಲ್ಟ್ ಪಿನ್ನಿಂದ ಕರೆಂಟ್ ಎಳೆದುಕೊಳ್ಳುತ್ತದೆ. ಆ ಪಿನ್ ಕೊಡಲೇಬೇಕಾದದ್ದು ಬರೀ 55 ಮಿಲಿಆಂಪ್. ಸಾಲದೆ ಹೋದಾಗ ಸ್ಕ್ರೀನ್ ಅಲುಗುತ್ತದೆ, ಅರ್ಧ ಗಂಟೆಗೊಮ್ಮೆ ಕಪ್ಪಾಗುತ್ತದೆ. ಪಕ್ಕದಲ್ಲಿ ಮೈಕ್ರೋ ಯುಎಸ್‌ಬಿ ತೂತಿರುವ ಕನ್ವರ್ಟರ್ ತೆಗೆದುಕೊಂಡು ಅದಕ್ಕೆ ಬೇರೆ ಕರೆಂಟ್ ಕೊಡಿ.

ಡಿಸ್‌ಪ್ಲೇ ಪೋರ್ಟ್ ಕೇಬಲ್‌ಗೆ ಬೀಗ ಇರುತ್ತದೆ, ಒತ್ತದೆ ಎಳೆದರೆ ಕಾರ್ಡಿನ ಪೋರ್ಟ್ ಕಿತ್ತುಬರುತ್ತದೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ 20ನೇ ಪಿನ್ನಿಗೂ ತಂತಿ ಹಾಕಿರುತ್ತಾರೆ, ಇರಬಾರದು. ಅದರ ಮೂಲಕ ಮಾನಿಟರ್‌ನ 3.3 ವೋಲ್ಟ್ ಕಾರ್ಡಿಗೆ ನುಗ್ಗುತ್ತದೆ. ಕಂಪ್ಯೂಟರ್ ಶಟ್‌ಡೌನ್ ಆದ ಮೇಲೂ ಒಳಗಿನ ಫ್ಯಾನ್ ದೀಪ ಮಂದವಾಗಿ ಉರಿಯುತ್ತಿದ್ದರೆ, ಡಿಸ್‌ಪ್ಲೇ ಪೋರ್ಟ್ ಕಿತ್ತಾಗಲಷ್ಟೇ ಬೂಟ್ ಆಗುತ್ತಿದ್ದರೆ ಆ ಕೇಬಲ್ ಎಸೆಯಿರಿ.

ಡ್ರೈವರ್

ಸ್ಕ್ರೀನ್ ತಟಕ್ಕನೆ ಹೆಪ್ಪುಗಟ್ಟಿದಂತೆ ನಿಂತರೆ ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ. ಒಂದು ಬೀಪ್ ಕೇಳಿ, ಸ್ಕ್ರೀನ್ ಕ್ಷಣ ಕಪ್ಪಾಗಿ, ಗ್ರಾಫಿಕ್ಸ್ ಡ್ರೈವರ್ ಮರುಚಾಲನೆ ಆಗುತ್ತದೆ. ತೆರೆದಿಟ್ಟ ಕೆಲಸ ಹೋಗುವುದಿಲ್ಲ. ಆಮೇಲೆ ಈವೆಂಟ್ ವ್ಯೂವರ್ ತೆರೆದು ‘ವಿಂಡೋಸ್ ಲಾಗ್ಸ್’ ಒಳಗಿನ ‘ಸಿಸ್ಟಮ್’ನಲ್ಲಿ 4101 ಸಂಖ್ಯೆಯ ಎಚ್ಚರಿಕೆ ಇದೆಯೇ ಹುಡುಕಿ. ಜಿಪಿಯು 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದಾಗ ವಿಂಡೋಸ್ ಡ್ರೈವರನ್ನು ಬೀಳಿಸಿ ಎಬ್ಬಿಸುತ್ತದೆ, ಆಗ ಬರೆಯುವ ದಾಖಲೆ ಅದು. ತಿಂಗಳಿಗೊಮ್ಮೆ ಬಂದರೆ ಬಿಟ್ಟುಬಿಡಿ. ದಿನಕ್ಕೆ ನಾಲ್ಕು ಸಲ ಬರುತ್ತಿದ್ದರೆ ಮುಂದೆ ಓದಿ.

ತೊಂದರೆ ಅಪ್‌ಡೇಟ್ ಆದ ದಿನದಿಂದಲೇ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಅಷ್ಟಕ್ಕೇ ಮುಗಿಯಬಹುದು. ಮುಗಿಯದಿದ್ದರೆ ಹಳೆಯದನ್ನು ಬೇರುಸಹಿತ ಕಿತ್ತು ಹೊಸದು ಹಾಕಬೇಕು. ಅದಕ್ಕೆ ಕ್ರಮ ಹೀಗೆ:

1. ಕಾರ್ಡ್ ತಯಾರಕರ ಸೈಟಿನಿಂದ ಹೊಸ ಡ್ರೈವರ್, ಜೊತೆಗೆ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಸಾಧನ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.
2. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬರೆದುಕೊಳ್ಳಿ. ಸೇಫ್ ಮೋಡ್‌ಗೆ ಹೋಗುವಾಗ ಅದನ್ನು ಕೇಳಬಹುದು. ಪಿನ್ ಅಲ್ಲದೆ ಪಾಸ್‌ವರ್ಡ್ ಕೂಡ ನೆನಪಿರಲಿ.
3. ಲ್ಯಾನ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಇದನ್ನು ಬಿಟ್ಟರೆ ನೀವು ತೆಗೆದ ಮರುಕ್ಷಣವೇ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯಿರುವ ಡ್ರೈವರ್ ತಂದು ಕೂರಿಸುತ್ತದೆ, ಮಾಡಿದ ಕೆಲಸ ನೀರಿನಲ್ಲಿ ಹೋಮ.
4. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್. ಪಟ್ಟಿ ಬಂದಾಗ ಎಫ್4.
5. ಸಾಧನ ತೆರೆದು ನಿಮ್ಮ ಕಾರ್ಡಿನ ಕಂಪನಿ ಆರಿಸಿ ‘ಕ್ಲೀನ್ ಆ್ಯಂಡ್ ರೀಸ್ಟಾರ್ಟ್’ ಕೊಡಿ. ಮರಳಿ ಬಂದ ಮೇಲೆ ಹೊಸ ಡ್ರೈವರ್ ಹಾಕಿ, ಆಮೇಲೆ ನೆಟ್ ಜೋಡಿಸಿ.

ಸೇಫ್ ಮೋಡ್‌ನಲ್ಲಿದ್ದಾಗಲೇ ಸ್ಕ್ರೀನ್ ಗಮನಿಸಿ. ಅಲ್ಲಿ ಓಡುವುದು ಮೈಕ್ರೋಸಾಫ್ಟ್‌ನ ಸರಳ ಡ್ರೈವರ್. ಅಲ್ಲೂ ಚುಕ್ಕಿ ಇದ್ದರೆ ಹಾರ್ಡ್‌ವೇರ್ ಕೆಟ್ಟಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಮೇಲೆ ಹಳದಿ ಗುರುತಿದ್ದು ‘ಕೋಡ್ 43’ ಎಂದಿದ್ದರೆ, ಡ್ರೈವರ್ ಸ್ವಚ್ಛ ಮಾಡಿದ ಮೇಲೂ ಅದು ಮರಳಿದರೆ, ಕಾರ್ಡಿನ ಆಯಸ್ಸು ಮುಗಿಯುತ್ತಿದೆ ಎಂದುಕೊಳ್ಳಬೇಕು.

ಡಬ್ಬ ತೆರೆದ ಮೇಲೆ

ಪ್ಲಗ್ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ. ಡಬ್ಬದ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗಿನ ಬೆಂಗಳೂರಿನ ಒಣ ಹವೆಯಲ್ಲಿ ಇದನ್ನು ಮರೆಯಲೇಬಾರದು.

ಕಾರ್ಡ್ ಇಲ್ಲದೆ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಮೇಲೆಯೇ ಓಡುವ ಕಂಪ್ಯೂಟರ್ ಆದರೆ ನೇರ ರ‍್ಯಾಮ್‌ಗೆ ಕೈ ಹಾಕಿ. ಅಂಥ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಒಂದು ಪಾಲು ತೆಗೆದುಕೊಂಡು ಚಿತ್ರ ಬಿಡಿಸುತ್ತದೆ. ರ‍್ಯಾಮ್‌ನ ಚಿನ್ನದ ಬಣ್ಣದ ಕಾಲುಗಳ ಮೇಲೆ ಧೂಳು, ಪಸೆ ಕೂತರೆ ಅದು ನೇರ ಸ್ಕ್ರೀನ್ ಮೇಲೆ ಗೆರೆಯಾಗಿ ಕಾಣುತ್ತದೆ. ಸ್ಟಿಕ್ ಹೊರತೆಗೆದು ಬೆಳಕಿಗೆ ಹಿಡಿದರೆ ಹೊಳೆಯಬೇಕಾದ ಕಾಲುಗಳ ನಡುವೆ ಒಂದೆರಡು ಮಂಕಾಗಿ, ಬೆರಳಚ್ಚು ಬಿದ್ದಂತೆ ಕಾಣುವುದುಂಟು. ರಬ್ಬರ್‌ನಿಂದ ಉಜ್ಜುವುದು ಎಲ್ಲ ಅಂಗಡಿಯಲ್ಲೂ ರೂಢಿ. ಕೆಲಸ ಆಗುತ್ತದೆ, ಆದರೆ ಚಿನ್ನದ ಲೇಪ ಬಹಳ ತೆಳು, ಉಜ್ಜಿದಷ್ಟೂ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟ್‌ಗೆ ಬೀಳುತ್ತದೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸುವುದು ಉತ್ತಮ. ಮೆಡಿಕಲ್ ಸ್ಟೋರಿನ ಸ್ಪಿರಿಟ್ ಬೇಡ, ಅದರಲ್ಲಿ ನೀರಿನಂಶ ಇರುತ್ತದೆ.

ಎರಡು ಸ್ಟಿಕ್ ಇದ್ದರೆ ಒಂದನ್ನೇ ಹಾಕಿ ಓಡಿಸಿ, ಆಮೇಲೆ ಇನ್ನೊಂದು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಸ್ಲಾಟ್ ಬಳಸಬೇಕು. ಬಯಾಸ್‌ನಲ್ಲಿ ರ‍್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಇದ್ದರೆ ಆಫ್ ಮಾಡಿ ನೋಡಿ. ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿ ಪೂರ್ತಿ 4 ಸುತ್ತು ಬಿಡಿ. ಒಂದೇ ಒಂದು ತಪ್ಪು ಕಂಡರೂ ಆ ಸ್ಟಿಕ್ ಬದಲಿಸಲೇಬೇಕು.

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸ್ಲಾಟಿನ ಕೊನೆಯ ಬೀಗ ಒತ್ತಿ ಹೊರತೆಗೆದು, ಕಾಲು ಒರೆಸಿ, ‘ಟಕ್’ ಎನ್ನುವವರೆಗೆ ಮತ್ತೆ ಕೂರಿಸಿ. ಭಾರದ ಕಾರ್ಡ್‌ಗಳು ವರ್ಷ ಕಳೆದಂತೆ ಮೂತಿ ಕೆಳಗೆ ಮಾಡಿ ಜೋಲುತ್ತವೆ, ಸ್ಲಾಟಿನ ಒಂದು ತುದಿಯಲ್ಲಿ ಸಂಪರ್ಕ ಸಡಿಲವಾಗುತ್ತದೆ. ಕೆಳಗೊಂದು ಊರುಗೋಲು ಕೊಡಿ. ಕಾರ್ಡನ್ನು ಸ್ಲಾಟಿಗೆ ಚುಚ್ಚದೆ ರೈಸರ್ ಎಂಬ ಕೇಬಲ್ ಮೂಲಕ ನಿಲ್ಲಿಸಿದ್ದರೆ ಬಯಾಸ್‌ನಲ್ಲಿ ಪಿಸಿಐಇ (ಕಾರ್ಡಿನ ಸ್ಲಾಟ್) ವೇಗವನ್ನು ಜೆನ್ 3ಕ್ಕೆ ಇಳಿಸಿ ನೋಡಿ. ಜೆನ್ 3ರ ರೈಸರ್ ಮೇಲೆ ಜೆನ್ 4 ಓಡಿಸಲು ಹೋಗಿ ಸ್ಕ್ರೀನ್ ಕಪ್ಪಾಗುವುದು ಬಹಳ ಸಾಮಾನ್ಯ.

ಕರೆಂಟಿನ ಲೆಕ್ಕ ನೋಡಿ. ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್ ತಂತಿಯಿಂದ 75, 8 ಪಿನ್ನಿನಿಂದ 150. ಕಾರ್ಡ್ ಎರಡು 8 ಪಿನ್ ಕೇಳಿದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ತಂತಿ ಎಳೆಯಿರಿ, ಒಂದೇ ತಂತಿಯ ಎರಡು ತಲೆ ಚುಚ್ಚಬೇಡಿ. ಹೊಸ ಕಾರ್ಡ್‌ಗಳ 16 ಪಿನ್ ಪ್ಲಗ್ ಒಂದಿಷ್ಟೂ ಸಂದಿ ಉಳಿಯದಂತೆ ಪೂರ್ತಿ ಒಳಹೋಗಬೇಕು, ಪ್ಲಗ್‌ನಿಂದ 3.5 ಸೆಂಟಿಮೀಟರ್‌ವರೆಗೆ ತಂತಿ ಬಗ್ಗಿಸಬಾರದು. ಬೇರೆ ಎಸ್‌ಎಂಪಿಎಸ್‌ನ ಬಿಡಿ ತಂತಿ ತಂದು ಹಾಕುವುದಂತೂ ಬೇಡವೇ ಬೇಡ. ಪ್ಲಗ್ ಒಂದೇ ಥರ ಇದ್ದರೂ ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ, ಒಂದು ಸಲ ಆನ್ ಮಾಡಿದರೆ ಸಾಕು, ಕಾರ್ಡ್ ಸುಡಬಹುದು. ಗೇಮ್ ಓಡುವಾಗ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ 12 ವೋಲ್ಟ್ ಸಾಲು ನೋಡಿ. 11.4ಕ್ಕಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಸೋತಿದೆ.

ಬಿಸಿ. ಭಾರದ ಕೆಲಸದಲ್ಲಿ ಜಿಪಿಯು 65ರಿಂದ 80 ಡಿಗ್ರಿ ಇರುವುದು ಸಹಜ. ಏಪ್ರಿಲ್‌ನಲ್ಲಿ ಹೊರಗೇ 35 ಇರುವಾಗ ಇನ್ನಷ್ಟು ಏರಬಹುದು. ಜಿಪಿಯು ಮತ್ತು ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ) ನಡುವಿನ ಅಂತರ 25 ಡಿಗ್ರಿ ಮೀರಿದರೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿರಬಹುದು. ಮೆಟ್ರೋ ಅಥವಾ ಅಪಾರ್ಟ್‌ಮೆಂಟ್ ಕಾಮಗಾರಿ ನಡೆಯುವ ರಸ್ತೆಯ ಮನೆಗಳಲ್ಲಿ ಮೂರು ತಿಂಗಳಿಗೊಮ್ಮೆ ಧೂಳು ತೆಗೆಯಬೇಕು. ಬಾಲ್ಕನಿಗೆ ಒಯ್ದು ಬ್ಲೋವರ್ ಹಿಡಿಯಿರಿ, ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ತಡೆಯಿರಿ. ಗಾಳಿಗೆ ಗಿರಗಿರ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಬಿಸಿಯೂ ಸರಿ, ಕರೆಂಟೂ ಸರಿ, ಆದರೂ ಚೌಕಗಳು ಬರುತ್ತಿವೆ ಎಂದಾದರೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಮೆಮೊರಿ ಕ್ಲಾಕನ್ನು (ಅದರ ವೇಗವನ್ನು) 500 ಮೆಗಾಹರ್ಟ್ಜ್ ಇಳಿಸಿ ಓಡಿಸಿ. ಚೌಕ ಮಾಯವಾದರೆ ಮೆಮೊರಿ ಚಿಪ್ ದುರ್ಬಲವಾಗಿದೆ. ಹೀಗೆ ಇಳಿಸಿಕೊಂಡು ಕೆಲವು ತಿಂಗಳು ತಳ್ಳಬಹುದು.

ಮನೆಯ ಕರೆಂಟ್

ಸಂಪ್ ಮೋಟಾರ್ ಆನ್ ಆದಾಗ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗ ಮಾತ್ರ ಸ್ಕ್ರೀನ್ ಮಿಟುಕಿದರೆ ಕಂಪ್ಯೂಟರ್ ಬಿಟ್ಟು ವೈರಿಂಗ್ ನೋಡಿ. ಡಬ್ಬವನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್‌ಗೆ ಇಳಿಸಬೇಕಾದ ಸಣ್ಣ ಸೋರಿಕೆ ಕರೆಂಟ್ ದಾರಿ ಕಾಣದೆ ಡಬ್ಬದ ಮೇಲೆ ಕೂರುತ್ತದೆ, ಸುಮಾರು 115 ವೋಲ್ಟ್‌ನಷ್ಟು. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಅದೇ ಕರೆಂಟ್ ಕೇಬಲ್ ಹಿಡಿದು ಟಿವಿಗೋ ಮಾನಿಟರ್‌ಗೋ ಹರಿಯುತ್ತದೆ. ಚಿತ್ರ ಅಲುಗುತ್ತದೆ, ಪೋರ್ಟ್ ಸುಡಲೂಬಹುದು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಡಿಸಿ. 3 ವೋಲ್ಟ್‌ಗಿಂತ ಹೆಚ್ಚಿದ್ದರೆ ಸರಿಮಾಡಿಸಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಅಡಾಪ್ಟರ್‌ನಲ್ಲಿ ಸಿಕ್ಕಿಸುವುದನ್ನು ಇಂದೇ ನಿಲ್ಲಿಸಿ. ಮಾನಿಟರ್ ಮತ್ತು ಡಬ್ಬ ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಿ, ಎರಡು ಬೇರೆ ಗೋಡೆಯ ಸಾಕೆಟ್‌ಗೆ ಬೇಡ.

600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್ ಅಷ್ಟೇ. ದೊಡ್ಡ ಕಾರ್ಡ್ ಇರುವ ಕಂಪ್ಯೂಟರ್ ಗೇಮ್ ಆಡುವಾಗ ಕರೆಂಟ್ ಹೋದರೆ ಅದು ತಾಳುವುದಿಲ್ಲ, ಎಲ್ಲವೂ ಆರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಿ.

ಇನ್ನೊಂದು ವಿಚಿತ್ರ ಆದರೆ ನಿಜವಾದ ಕಾರಣ: ಗ್ಯಾಸ್ ಲಿಫ್ಟ್ ಇರುವ ತಿರುಗು ಕುರ್ಚಿ. ಒಣ ಹವೆಯಲ್ಲಿ ಅದರಿಂದ ಎದ್ದ ಕೂಡಲೇ ಸ್ಥಿರ ವಿದ್ಯುತ್ತಿನ ಕಿಡಿ ಹಾರಿ, ಅದರ ಅಲೆ ಕೇಬಲ್ಲಿಗೆ ತಾಗಿ ಮಾನಿಟರ್ ಎರಡು ಸೆಕೆಂಡ್ ಕಪ್ಪಾಗುತ್ತದೆ. ಎದ್ದಾಗ ಕೂತಾಗ ಮಾತ್ರ ಹೀಗಾಗುತ್ತಿದೆಯೇ ಗಮನಿಸಿ. ದಪ್ಪ ಶೀಲ್ಡ್ ಇರುವ ಗಿಡ್ಡ ಕೇಬಲ್ ಹಾಕಿದರೆ ಹೆಚ್ಚಿನ ಸಲ ನಿಲ್ಲುತ್ತದೆ.

ಅಂಗಡಿಗೆ ಹೋಗುವುದೇ ಆದರೆ

ಮೊದಲು ಕಾರ್ಡಿನ ಸೀರಿಯಲ್ ನಂಬರ್ ಕಂಪನಿಯ ಸೈಟಿನಲ್ಲಿ ಹಾಕಿ ವಾರಂಟಿ ನೋಡಿ, ಹಲವು ಬ್ರ್ಯಾಂಡ್‌ಗಳು 3 ವರ್ಷ ಕೊಡುತ್ತವೆ. ವಾರಂಟಿ ಇರುವಾಗ ಹೀಟ್‌ಸಿಂಕ್ ಬಿಚ್ಚಬೇಡಿ, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿಯಬೇಡಿ.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡ್‌ಗೆ ಹೋಗುವವರು ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆಯುವುದು ಸುಲಭ. ಭಾನುವಾರ ಬಹುಪಾಲು ಅಂಗಡಿಗಳ ಬಾಗಿಲು ಹಾಕಿರುತ್ತದೆ. ‘ಡಿಸ್‌ಪ್ಲೇ ಸರಿ ಇಲ್ಲ’ ಎಂದಷ್ಟೇ ಹೇಳಬೇಡಿ. ಬಯಾಸ್‌ನಲ್ಲಿ ಬರುತ್ತದೆಯೇ, ಸ್ಕ್ರೀನ್‌ಶಾಟ್‌ನಲ್ಲಿ ಬರುತ್ತದೆಯೇ, ಬೇರೆ ಕೇಬಲ್ ಹಾಕಿದಾಗ ಏನಾಯಿತು ಎಂದು ಹೇಳಿ, ಫೋನಿನಲ್ಲಿ ತೆಗೆದ 20 ಸೆಕೆಂಡಿನ ವಿಡಿಯೋ ತೋರಿಸಿ. ರಿಪೇರಿ ಮಾಡುವವರಿಗೂ ಅರ್ಧ ಕೆಲಸ ಉಳಿಯುತ್ತದೆ.

ಕೆಟ್ಟ ಕಾರ್ಡಿಗೆ ಹೀಟ್ ಗನ್ ಹಿಡಿದು ಬಿಸಿ ಮಾಡಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಎದ್ದು ಕೂರುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಮಲಗುತ್ತದೆ. ಚಿಪ್ ಬದಲಿಸುವ ಕೆಲಸವೇ ಬೇರೆ, ಯಾವ ಚಿಪ್ ಹೋಗಿದೆ ಎಂದು ಪರೀಕ್ಷಿಸಿ ಹೇಳುವವರ ಬಳಿ ಮಾತ್ರ ಮಾಡಿಸಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಒಸಿಸಿಟಿ ಎಂಬ ತಂತ್ರಾಂಶದ ವಿಡಿಯೋ ಮೆಮೊರಿ ಪರೀಕ್ಷೆ 15 ನಿಮಿಷ ಓಡಿಸಿ, ತಪ್ಪುಗಳ ಲೆಕ್ಕ ಸೊನ್ನೆ ಇದ್ದರೆ ಮಾತ್ರ ದುಡ್ಡು ಕೊಡಿ.

ಪೂರ್ತಿ ಡಬ್ಬವನ್ನೇ ಒಯ್ಯಬೇಕಾಗಿ ಬಂದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿ, ಬೇರೆಯಾಗಿ ಕೈಯಲ್ಲಿ ಹಿಡಿದುಕೊಳ್ಳಿ. ಡಬ್ಬದೊಳಗೇ ಬಿಟ್ಟು ಆಟೋದಲ್ಲಿ ಸಾಗಿಸಿದರೆ ಹಳ್ಳದಲ್ಲಿ ಬಿದ್ದೆದ್ದ ಪ್ರತಿ ಸಲವೂ ಕಾರ್ಡಿನ ಭಾರವೆಲ್ಲ ಸ್ಲಾಟಿನ ಮೇಲೆ ಬೀಳುತ್ತದೆ. ಡಬ್ಬವನ್ನು ನಿಲ್ಲಿಸದೆ, ಮದರ್‌ಬೋರ್ಡ್ ಕೆಳಗಾಗುವಂತೆ ಸೀಟಿನ ಮೇಲೆ ಮಲಗಿಸಿ ಒಯ್ಯಿರಿ.